ನನಗೆ ಹರ್ನಿಯಾ, ತೋಟಕ್ಕೆ ಆರೋಗ್ಯ

ಕಾಯಿಲೆ ಬಿದ್ದವನನ್ನು ಜನ ಎಲ್ಲಿ ನೋವು ಅಂತ ಕೇಳ್ತಾರೆ. ನನಗೆ ಹೊಟ್ಟೆಯಲ್ಲಿ ನೋವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ನೋವು, ನಾನು ಮಲಗಿದ ಮೇಲೆ ನನ್ನ ತೋಟ ಸುಧಾರಿಸಿಬಿಟ್ಟಿತು ಅನ್ನೋದು. ಇದನ್ನು ಯಾವ ಡಾಕ್ಟರಿಗೆ ತೋರಿಸಲಿ?

ಕಾಗದನಗರ ದಾಟಿದ ಮೇಲೆ ಕಾಲುವೆ ಮಗ್ಗುಲಿಗೆ ನನ್ನದೊಂದು ಎಕರೆ ಜಮೀನು. ಕಾಗದದ ಮಿಲ್ಲಿನಿಂದ ರಿಟೈರ್ ಆದ ಮೇಲೆ ಅಲ್ಲೇ ಮನೆ ಕಟ್ಟಿ, ಬದನೆ, ಹೀರೆ ಬೆಳೆಸಿ, ಕೆಂಪಿ ಅನ್ನೋ ಹಸುವನ್ನೂ ಬಂಗಾರಮ್ಮ ಅನ್ನೋ ಹೆಂಡತಿಯನ್ನೂ ಸಾಕಿಕೊಂಡಿದ್ದೆ. (ಈ ವಾಕ್ಯ ಬಂಗಾರಮ್ಮನ ಕಣ್ಣಿಗೆ ಬಿದ್ದರೆ ಎರಡನೆಯ ಆಪರೇಷನ್ ಗ್ಯಾರಂಟಿ.)

ಈ ಸಾಮ್ರಾಜ್ಯದೊಳಗೆ ಬೇರೆಯವರು ಕಾಲಿಡೋದು ನನಗಾಗದು. ಬೇಲಿಯಾಚೆ ಒಂದು ಕಡೆ ಶೇಷಮ್ಮನ ಮನೆ. ಅಂಗನವಾಡಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ರಿಟೈರ್ ಆದ ಹೆಂಗಸು. ಇನ್ನೊಂದು ಕಡೆ ಯೋಗರಾಜ, ಕಾರ್ಖಾನೆಯಲ್ಲಿ ಕ್ರೇನ್ ಓಡಿಸ್ತಿದ್ದವನು. ಇಬ್ಬರಿಗೂ ಬೇಸಾಯದ ಗಂಧಗಾಳಿ ಇಲ್ಲ ಅನ್ನೋದು ನನ್ನ ದೃಢ ನಂಬಿಕೆ. (ನಿನಗಿದೆಯೇ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ.)

ಅವತ್ತು ಗೊಬ್ಬರದ ಚೀಲಕ್ಕೆ ಕೈ ಹಾಕಿದಾಗ ಯೋಗರಾಜ ಬೇಲಿಯಾಚೆಯಿಂದ, "ತಡಿ ಮಾರಾಯ, ನಾನೂ ಒಂದು ಕಡೆ ಹಿಡೀತೀನಿ" ಅಂದ.

"ಏನೂ ಬೇಡ" ಅಂದು ಒಬ್ಬನೇ ಎತ್ತಿದೆ. ಚೀಲ ಮೇಲೆ ಬಂತು. ಜೊತೆಗೆ ಹೊಟ್ಟೆಯೊಳಗಿಂದ ಇನ್ನೇನೋ ಹೊರಗೆ ಬಂತು.

ಶಿವಮೊಗ್ಗದ ಆಸ್ಪತ್ರೆಗೆ ಹೊರಟಾಗ ನನ್ನ ಚಿಂತೆಯೆಲ್ಲ ಕೆಂಪಿಯದೇ. ತುಂಬು ಗಬ್ಬ. ಹಿಂದಿನ ಸಲದ ಕರು ಉಳಿದಿರಲಿಲ್ಲ. ಆಮೇಲೆ ಕೆಂಪಿ ವಾರಗಟ್ಟಲೆ ಕೂಗಿದ್ದು ಇನ್ನೂ ಕಿವಿಯಲ್ಲಿತ್ತು.

"ಶೇಷಮ್ಮನ್ನ ಕೊಟ್ಟಿಗೆಗೆ ಬಿಡಬೇಡ ಕಣೆ, ಕೆಂಪಿ ಹೆದರ್ತಾಳೆ" ಅಂದೆ.

"ಹಂಗಾದ್ರೆ ನೀವು ಕೆಂಪಿ ಹತ್ರ ಇರಿ. ಆಪರೇಷನ್ ನಾನು ಮಾಡಿಸ್ಕೊಂಡು ಬರ್ತೀನಿ" ಅಂದಳು ಬಂಗಾರಮ್ಮ. ಬೀಗದ ಕೈ ಶೇಷಮ್ಮನ ಸೆರಗಿಗೆ ಹೋಯಿತು.

ಆಪರೇಷನ್ ಆದ ಮಾರನೆಯ ದಿನ ಯೋಗರಾಜನ ವಿಡಿಯೋ ಕಾಲ್ ಬಂತು. ಕೆಂಪಿಗೆ ನೋವು ಶುರುವಾಗಿತ್ತು. ಅವನು ದನದ ಡಾಕ್ಟರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದನಂತೆ. 'ಅಂತೆ' ಅಂದದ್ದು ಯಾಕೆ ಅಂದರೆ, ನನಗೆ ಕಂಡದ್ದು ಯೋಗರಾಜನ ಮೂಗಿನ ಎರಡು ಹೊಳ್ಳೆ ಮಾತ್ರ.

"ಫೋನ್ ತಿರುಗಿಸೋ ಮಾರಾಯ" ಅಂದೆ. ತಿರುಗಿಸಿದ. ಕೊಟ್ಟಿಗೆಯ ಹಂಚು ಕಂಡಿತು.

ನಾನು "ಉಸಿರು ಸರಿಯಾಗಿದೆಯಾ, ತಲೆ ಬಂತಾ" ಅಂತ ಕೂಗ್ತಿದ್ದರೆ ವಾರ್ಡಿನ ನರ್ಸ್ ಓಡಿ ಬಂದಳು.

"ಯಾರಿಗೆ ಹೆರಿಗೆ ಅಜ್ಜ?"

"ನಮ್ಮ ಕೆಂಪಿಗೆ."

"ನಾರ್ಮಲ್ಲಾ, ಸಿಸೇರಿಯನ್ನಾ?"

ಅಷ್ಟರಲ್ಲಿ ಫೋನಿನೊಳಗಿಂದ ಶೇಷಮ್ಮನ ದನಿ ಕೇಳಿಸಿತು: "ಮೂರ್ತಣ್ಣ, ಹೆಣ್ಗರು. ಆಗ್ಲೇ ಎದ್ದು ನಿಲ್ತಾ ಇದೆ." ನಾನು ಅತ್ತೆ. ಅತ್ತರೆ ಹೊಲಿಗೆ ಎಳೀತಿತ್ತು. ಆದರೂ ಅತ್ತೆ.

ಮನೆಗೆ ಬಂದ ಮೇಲೆ ಸಮಾಚಾರವೇ ಬೇರೆ. ಭಾರ ಎತ್ತಬಾರದು, ಬಗ್ಗಬಾರದು ಅಂತ ಜಗಲಿಯ ಮಂಚದ ಮೇಲೆ ನನ್ನನ್ನು ಪ್ರತಿಷ್ಠಾಪನೆ ಮಾಡಿದರು. ಅಲ್ಲಿಂದಲೇ ಆಜ್ಞೆ ಹೊರಡಿಸ್ತಿದ್ದೆ, ಯಾರೂ ಪಾಲಿಸ್ತಿರಲಿಲ್ಲ. ಯೋಗರಾಜ ರಾಟೆ, ಹಗ್ಗ ಕಟ್ಟಿ ಹೀರೆ ಚಪ್ಪರವನ್ನೇ ಎತ್ತರಿಸಿದ. ಶೇಷಮ್ಮ ಅಂಗನವಾಡಿ ಹಾಡು ಹೇಳ್ತಾ ಹಾಲು ಕರೀತಿದ್ದರೆ, ನನ್ನನ್ನು ಒದೆಯುತ್ತಿದ್ದ ಕೆಂಪಿ ಬಾಲ ಕೂಡ ಆಡಿಸ್ತಿರಲಿಲ್ಲ. ಮಧ್ಯಾಹ್ನ ಮೂವರೂ ಅಂಗಳದಲ್ಲಿ ಊಟಕ್ಕೆ ಕೂತು ನಗ್ತಿದ್ದರು. ಬಂಗಾರಮ್ಮ ಅಷ್ಟು ನಗ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಇನ್ನು ಓಡಾಡಬಹುದು ಅಂದ ದಿನ ಶಿವಮೊಗ್ಗದ ಗಾಂಧಿ ಬಜಾರಿನಿಂದ ಸಿಹಿ ತಂದು, ಇಬ್ಬರನ್ನೂ ಕೂರಿಸಿ ಭಾಷಣ ಬಿಗಿದೆ.

"ನಿಮ್ಮ ಉಪಕಾರ ಮರೆಯಲ್ಲ. ನಾನೀಗ ಪೂರ್ತಿ ಗುಣ ಆಗಿದ್ದೀನಿ. ನೀವಿನ್ನು ವಿಶ್ರಾಂತಿ ತಗೊಳ್ಳಿ."

ಯೋಗರಾಜ ಜಹಾಂಗೀರನ್ನು ಕೈಯಲ್ಲೇ ಹಿಡಿದು ಕೂತ. ಶೇಷಮ್ಮ ಮೆಲ್ಲಗೆ, "ಹಂಗಾದ್ರೆ ನಾಳೆಯಿಂದ ಬರೋದು ಬೇಡ್ವಾ ಮೂರ್ತಣ್ಣ?" ಅಂದಳು. ಬೇಡ ಅಂದೆ.

ಬೆಳಿಗ್ಗೆ ಕೆಂಪಿ ಹಾಲು ಬಿಗಿಹಿಡಿದಳು. ಬೆನ್ನು ಸವರಿದೆ, ಹಿಂಡಿ ಇಟ್ಟೆ. ಸುತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಶೇಷಮ್ಮನ ಹಾಡನ್ನೂ ಹಾಡಿದೆ. ಕೆಂಪಿ ಕುತ್ತಿಗೆ ತಿರುಗಿಸಿ ನನ್ನನ್ನೊಮ್ಮೆ ನೋಡಿ, ಪಾತ್ರೆ ಒದ್ದಳು.

"ಹೋಗಿ ಅವರನ್ನ ಕರೀರಿ" ಅಂದಳು ಬಾಗಿಲಲ್ಲಿ ನಿಂತಿದ್ದ ಬಂಗಾರಮ್ಮ. ಹಾಡು ಪೂರ್ತಿ ಕೇಳಿದ್ದಳು ಅಂತ ಮುಖದಲ್ಲೇ ಗೊತ್ತಾಗ್ತಿತ್ತು.

"ನಿನ್ನೆ ಬೇಡ ಅಂದವನು ಇವತ್ತು ಹೆಂಗೆ ಕರೀಲಿ?"

"ಅದು ನಿಮ್ಮ ಪಾಡು."

ಬೇಲಿ ಹತ್ತಿರ ಹೋದೆ. ಶೇಷಮ್ಮ ಕಟ್ಟೆ ಮೇಲೆ ಕೈ ಕಟ್ಟಿ ಕೂತು ನಮ್ಮ ಕೊಟ್ಟಿಗೆ ಕಡೆಗೇ ನೋಡ್ತಿದ್ದಳು. ಆ ಕಡೆ ಯೋಗರಾಜ, ಹೊಳೀತಾ ಇದ್ದ ಸ್ಕೂಟರನ್ನೇ ಮತ್ತೆ ಒರೆಸ್ತಿದ್ದ. ಬನ್ನಿ ಅನ್ನೋಕೆ ಬಾಯಿ ತೆಗೆದೆ. ಮರ್ಯಾದೆ ಅಡ್ಡ ಬಂತು. ಹೊಟ್ಟೆ ಹಿಡಿದುಕೊಂಡು, "ಯಾಕೋ ಮತ್ತೆ ನೋವು ಬಂದಂಗಿದೆ" ಅಂದು ಅಲ್ಲೇ ಕುಕ್ಕರಿಸಿದೆ.

ಇಬ್ಬರೂ ಓಡಿ ಬಂದರು. ನನ್ನನ್ನು ಮಂಚಕ್ಕೆ ಸಾಗಿಸಿದವರೇ ಒಬ್ಬಳು ಕೊಟ್ಟಿಗೆಗೆ, ಒಬ್ಬ ಚಪ್ಪರಕ್ಕೆ ಹೊರಟುಹೋದರು. ಹಾಡು ಶುರುವಾಯಿತು, ಪಾತ್ರೆಗೆ ಹಾಲು ಬೀಳೋ ಸದ್ದೂ ಕೇಳಿಸಿತು. ಮಲಗಿದಲ್ಲೇ ನೆಮ್ಮದಿಯಾಯಿತು.

ಮಧ್ಯಾಹ್ನ ಅಂಗಳದಲ್ಲಿ ಬಿಸಿ ಅಕ್ಕಿರೊಟ್ಟಿ, ನನ್ನದೇ ಬದನೆಯ ಎಣ್ಣೆಗಾಯಿ. ನಾನೂ ಎದ್ದು ಕೂತೆ. ಬಂಗಾರಮ್ಮ ನನ್ನ ಕೈಗೆ ಒಂದು ಲೋಟ ಉಪ್ಪಿಲ್ಲದ ಗಂಜಿ ಕೊಟ್ಟಳು.

"ನೋವಿರೋರಿಗೆ ಎಣ್ಣೆ ಪದಾರ್ಥ ಆಗಲ್ಲ ಅಲ್ವಾ?" ಅಂದಳು, ಬಹಳ ಗಂಭೀರವಾಗಿ.

"ನೋವು ಕಮ್ಮಿ ಆಯ್ತಾ ಮಾರಾಯ?" ಅಂತ ಯೋಗರಾಜ ರೊಟ್ಟಿ ಮುರೀತಾ ಕೇಳಿದ. ಶೇಷಮ್ಮ ತುತ್ತು ಬಾಯಿಗಿಡದೆ ನನ್ನ ಉತ್ತರಕ್ಕೆ ಕಾದಳು.

ಎಣ್ಣೆಗಾಯಿ ಕಡೆ ಒಮ್ಮೆ ನೋಡಿ, ಗಂಜಿ ಗುಟುಕರಿಸಿ ಹೇಳಿದೆ: "ಇಲ್ಲಪ್ಪ. ಈ ಸಲ ಬೇಗ ವಾಸಿ ಆಗೋ ಹಂಗೆ ಕಾಣಲ್ಲ."