ಎತ್ತಬೇಡಿ ಎಂದು ಹೊರಟ ದಿನ

ಮೋಟಾರು ಗಾಲಿಕುರ್ಚಿಯಲ್ಲಿ ಕೂತು ಮನೆ ಬಿಟ್ಟು ಹೊರಟರೆ ಸಾಕು, ಸಂಜೆಯೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ಅದಕ್ಕೆ ನಾನು ಏನೂ ಮಾಡಬೇಕಾಗಿಲ್ಲ. ನನ್ನ ಪಾಡಿಗೆ ನಾನು ಕೂತಿದ್ದರೂ ಜನ ಬಂದು ಮಾಡಿಕೊಟ್ಟು ಹೋಗುತ್ತಾರೆ. ಕಳೆದ ದಸರಾ ರಜೆಯಲ್ಲಿ ಒಂದೇ ದಿನಕ್ಕೆ ಇಷ್ಟಾಯಿತು.

ಕರಾರು

ನನ್ನ ಕಾಲು ಚಿಕ್ಕಂದಿನಲ್ಲೇ ಕೆಲಸ ಬಿಟ್ಟವು. ಬಾಕಿ ಎಲ್ಲ ಸರಿಯಿದೆ. ಬಾಯಿ ಮಾತ್ರ ಅಗತ್ಯಕ್ಕಿಂತ ಹೆಚ್ಚು ಸರಿಯಿದೆ ಎಂದು ಅಣ್ಣ ಹೇಳುತ್ತಾನೆ. ನಾನು ಕುಮಟೆಯ ಒಂದು ಶಾಲೆಯಲ್ಲಿ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ನಮ್ಮ ಕಡೆ ಜನ ಬಹಳ ಒಳ್ಳೆಯವರು, ತೊಂದರೆಯೆಲ್ಲ ಅಲ್ಲೇ ಇರುವುದು. ಗಾಲಿಕುರ್ಚಿ ಒಂದು ಮೆಟ್ಟಿಲಿನ ಹತ್ತಿರ ಕಂಡರೆ ಸಾಕು, ನಾಲ್ಕು ಜನ ಲುಂಗಿ ಎತ್ತಿ ಕಟ್ಟಿಕೊಂಡು "ಹಿಡಿ, ಹಿಡಿ" ಎನ್ನುತ್ತ ಓಡಿ ಬಂದು ಎತ್ತಿಬಿಡುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ಕೇಳುವ ಪದ್ಧತಿಯೇ ಇಲ್ಲ.

ಹೊನ್ನಾವರದಲ್ಲಿ ಒಂದು ಮದುವೆಗೆ ಹೋಗಿದ್ದೆ. ನಾನು ಊಟದ ಹಾಲಿಗೆ ಹೊರಟಿದ್ದೆ. ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲೆ, ಮದುಮಗಳ ಪಕ್ಕಕ್ಕೆ ಇಟ್ಟರು. ಇಟ್ಟವರು ಊಟಕ್ಕೆ ಹೋದರು. ಇಳಿಸುವವರಿಲ್ಲದೆ ನಾನು ಅಲ್ಲೇ ಕೂತೆ. ಬಂದವರೆಲ್ಲ ಯಾರೋ ಮನೆಯ ಹಿರಿಯರೆಂದು ಭಾವಿಸಿ ಉಡುಗೊರೆಯ ಕವರುಗಳನ್ನು ನನ್ನ ಮಡಿಲಿಗೇ ಹಾಕಿದರು. ಮದುಮಗಳ ತಾಯಿ ಇವತ್ತಿಗೂ ನನ್ನನ್ನು ಕಂಡರೆ ಸ್ವಲ್ಪ ಅನುಮಾನದಿಂದ ನೋಡುತ್ತಾರೆ.

ಇಂಥದ್ದರಲ್ಲಿ ನನಗೆ ಭಟ್ಕಳಕ್ಕೆ ವರ್ಗವಾಯಿತು. ಅಲ್ಲಿ ಬಾಡಿಗೆಗೆ ಒಂದು ಮನೆ ಹಿಡಿದು ನಾನೊಬ್ಬಳೇ ಇರುತ್ತೇನೆ ಎಂದೆ. ಗೆಳತಿಯೊಬ್ಬಳು ಒಂದು ಮನೆಯನ್ನೂ ಹುಡುಕಿಕೊಟ್ಟಿದ್ದಳು. ಅಣ್ಣ ಒಪ್ಪಲಿಲ್ಲ. ಅವನಿಗೆ ಕುಮಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಅದನ್ನು ಮುಚ್ಚಿ, ದಿನಾ ನನ್ನನ್ನು ವ್ಯಾನಿನಲ್ಲಿ ಭಟ್ಕಳಕ್ಕೆ ಬಿಟ್ಟು, ಶಾಲೆ ಬಿಡುವವರೆಗೆ ಗೇಟಿನ ಹೊರಗೆ ಕಾಯುತ್ತಾನಂತೆ. ನಲವತ್ತು ದಾಟಿದ ಅಕ್ಕೋರಿಗೆ ಗೇಟಿನಲ್ಲಿ ಕಾಯುವ ಅಣ್ಣ! ಮಕ್ಕಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಮೂರು ದಿನ ಜಗಳವಾಡಿದ ಮೇಲೆ ಅಣ್ಣ ಒಂದು ಕರಾರು ಹಾಕಿದ.

"ಆತು. ರಜೆಲಿ ಹೆಂಗೂ ಆ ಹೊಸ ಪಾರ್ಕಿಗೆ ಹೋಗುದು ಅಂದಿದ್ವಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ರೂ ನಿನ್ನ ಎತ್ತದೆ ತಿರುಗಾಡಿ ತೋರ್ಸು. ಆಮೇಲೆ ಭಟ್ಕಳದಲ್ಲಿ ಮನೆ ಅಲ್ಲ, ಅರಮನೆ ಮಾಡು."

ತೀರ್ಪು ಹೇಳುವ ಕೆಲಸ ಅತ್ತಿಗೆಗೆ. ಅತ್ತಿಗೆ ಕಡಿಮೆ ಮಾತಿನವಳು. ವ್ಯಾನು ಓಡಿಸುವ ಲೈಸೆನ್ಸು ಮಾಡಿಸಿ ಎರಡು ವರ್ಷವಾದರೂ ಕೀ ಇನ್ನೂ ಅಣ್ಣನ ಕಿಸೆಯಲ್ಲೇ ಇತ್ತು. ಅದರ ಬಗ್ಗೆಯೂ ಅವಳು ಮಾತಾಡಿದವಳಲ್ಲ.

ಬನ್ಸ್ ಕೊಡ್ಲಾ?

ವ್ಯಾನು ಪಂಪು ಸಾಗಿಸುವಂಥದ್ದು, ಒಳಗೆ ಎತ್ತರವಾಗಿದೆ. ಹಿಂದಿನ ಬಾಗಿಲಿಗೆ ಎರಡು ಹಲಗೆ ಹಾಕಿದರೆ ನಾನೇ ಕುರ್ಚಿ ನಡೆಸಿಕೊಂಡು ಹತ್ತಬಹುದು. ಹಲಗೆ ಮಾಡಿಸಿದವನು ಅಣ್ಣನೇ. ಆದರೂ ನಾನು ಹತ್ತುವಾಗ ಅವನ ಎರಡೂ ಕೈ ಗಾಳಿಯಲ್ಲಿ ಎತ್ತುವ ಭಂಗಿಯಲ್ಲೇ ಇರುತ್ತವೆ.

ತಿಂಡಿಗೆ ಹೊನ್ನಾವರದಲ್ಲಿ ನಿಲ್ಲಿಸಿದೆವು. ಹೋಟೆಲ್ಲಿಗೆ ಮೆಟ್ಟಿಲಿರಲಿಲ್ಲ, ಸಲೀಸಾಗಿ ಒಳಗೆ ಹೋದೆ. ಮಾಣಿ ಬಂದು ಅಣ್ಣನನ್ನು ಕೇಳಿದ.

"ಅವ್ರಿಗೆ ಎಂತ ಕೊಡುದು?"

"ನನಗೆ ಬನ್ಸ್" ಎಂದೆ.

ಮಾಣಿ ಅಣ್ಣನ ಕಡೆಗೇ ನೋಡುತ್ತ, "ಅವ್ರು ಬನ್ಸ್ ಅಂತಾರೆ, ಕೊಡ್ಲಾ?" ಎಂದ.

ಅಣ್ಣ ಗಲಿಬಿಲಿಗೊಂಡು ನನ್ನನ್ನು ಕೇಳಿದ, "ಕೊಡುದಾ?"

"ಕೊಡ್ಲಿ" ಎಂದೆ. "ಕೊಡ್ಬೇಕಂತೆ" ಎಂದು ಅಣ್ಣ ಮಾಣಿಗೆ ಹೇಳಿದ. ನಾನು ಕನ್ನಡದಲ್ಲೇ ಮಾತಾಡುತ್ತಿದ್ದೇನಲ್ಲವೇ ಎಂದು ನನಗೇ ಸಂಶಯ ಬಂತು.

ತಿಂದು ಹೊರಟಾಗ ಪಕ್ಕದ ಮೇಜಿನ ಮೂವರು ಎದ್ದು ಬಂದರು. ಎತ್ತಲು ಬಂದರೆಂದುಕೊಂಡೆ. ಎತ್ತಲಿಲ್ಲ, ಹಿಂದಿನಿಂದ ತಳ್ಳಿದರು. ಮೋಟಾರು ಕುರ್ಚಿ ಹಾಗೆಲ್ಲ ತಳ್ಳಿದರೆ ಹೋಗುವುದಿಲ್ಲ. ಕೈಯ ಹತ್ತಿರದ ಕಡ್ಡಿ ಮುಟ್ಟುವವರೆಗೆ ಅದರ ಬ್ರೇಕು ತಾನಾಗಿ ಹಿಡಿದಿರುತ್ತದೆ. ಅವರು ಮೂವರೂ ಹೆಗಲು ಕೊಟ್ಟು "ಐಸಾ" ಎಂದರು. ಕುರ್ಚಿ ಅಲ್ಲಾಡಲಿಲ್ಲ.

"ಜಾಮ್ ಆಗದೆ ಮಾರಾಯ್ರೆ. ಇನ್ನೊಂದ್ಸಲ!"

ಬಿಡಿ ಎಂದರೆ ಕೇಳುವವರಿಲ್ಲ. ಇನ್ನೊಂದು ಐಸಾ ಆಗುವಾಗ ನಾನು ಮೆಲ್ಲಗೆ ಕಡ್ಡಿ ಮುಂದೆ ಮಾಡಿದೆ. ಕುರ್ಚಿ ಹೊರಟಿತು, ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಬಿದ್ದಲ್ಲಿಂದಲೇ ಒಬ್ಬ ಖುಷಿಯಿಂದ ಕೂಗಿದ, "ನೋಡು, ನಾವು ತಳ್ಳಿದ್ದಕ್ಕೆ ಸ್ಟಾರ್ಟ್ ಆತು!"

ನೆರಳು ಉಂಟು

ಪಾರ್ಕು ಇರುವುದು ಅಪ್ಸರಕೊಂಡದ ಕ್ರಾಸು ದಾಟಿ ಭಟ್ಕಳದ ದಾರಿಯಲ್ಲಿ, ಹೆದ್ದಾರಿಯ ಬದಿಗೆ. ಒಂದು ಜೈಂಟ್ ವೀಲು, ಒಂದು ಪುಟಾಣಿ ರೈಲು, ನೀರಿನ ಜಾರುಬಂಡಿ, ಮಳೆ ಡ್ಯಾನ್ಸು, ಸಿಮೆಂಟಿನ ಒಂದು ದೊಡ್ಡ ಡೈನೋಸಾರು. ಗೇಟಿನ ವಾಚ್‌ಮನ್ ಕುರ್ಚಿಯನ್ನು ಎರಡು ಸುತ್ತು ಹಾಕಿ ನೋಡಿದ.

"ಇದಕ್ಕೆ ಮೋಟಾರು ಉಂಟಾ?"

"ಉಂಟು."

"ಹಂಗಾದ್ರೆ ವಾಹನ ಆತು. ವಾಹನ ಒಳಗೆ ಬಿಡುಕಿಲ್ಲ. ಪಾರ್ಕಿಂಗಲ್ಲಿ ಹಾಕಿ ಬನ್ನಿ."

"ಇದನ್ನ ಪಾರ್ಕಿಂಗಲ್ಲಿ ಹಾಕಿದ್ರೆ ನಾನೂ ಪಾರ್ಕಿಂಗಲ್ಲೇ ಕೂರ್ಬೇಕಲ್ಲ?"

ಅವನು ಸ್ವಲ್ಪ ಯೋಚಿಸಿ ಕನಿಕರದಿಂದ ಹೇಳಿದ, "ತೊಂದ್ರೆ ಇಲ್ಲ, ಅಲ್ಲಿ ನೆರಳು ಉಂಟು."

ಅಣ್ಣ "ಅವಳು ಶಾಲೆ ಅಕ್ಕೋರು!" ಎಂದು ರೇಗಿದ. ವಾಚ್‌ಮನ್ ಕೂಡಲೇ ನೆಟ್ಟಗೆ ನಿಂತು ನಮಸ್ಕಾರ ಮಾಡಿದ, ಆದರೆ ಗೇಟು ತೆಗೆಯಲಿಲ್ಲ. ಮ್ಯಾನೇಜರು ಬಂದರು. ಅವರಿಗೂ ತಲೆಬುಡ ತಿಳಿಯಲಿಲ್ಲ. ತಮ್ಮಲ್ಲೇ ಒಂದು ಗಾಲಿಕುರ್ಚಿ ಇದೆ, ಅಕ್ಕೋರನ್ನು ಎತ್ತಿ ಅದರಲ್ಲಿ ಕೂರಿಸೋಣ ಎಂದರು. ಎತ್ತುವ ಮಾತು ಬಂದೊಡನೆ ಅಣ್ಣನ ಮುಖ ಅರಳಿತು. ತಂದ ಕುರ್ಚಿಯನ್ನು ನೋಡಿದೆ. ತುಕ್ಕು ಹಿಡಿದಿತ್ತು, ನಾಲ್ಕು ಗಾಲಿಗಳೂ ನಾಲ್ಕು ದಿಕ್ಕಿಗೆ ಹೊರಟಿದ್ದವು. ಸುತರಾಂ ಆಗುವುದಿಲ್ಲ ಎಂದೆ.

ಕಡೆಗೆ ಮ್ಯಾನೇಜರು ಒಂದು ದಾರಿ ಹುಡುಕಿದರು. ಗಾಲಿಕುರ್ಚಿಯವರಿಗೆ ಪ್ರವೇಶ ಉಚಿತ, ಹಾಗಾಗಿ ನನಗೆ ಟಿಕೆಟ್ಟಿಲ್ಲ. ವಾಹನಕ್ಕೆ ಮಾತ್ರ ಟಿಕೆಟ್ಟು. ಟಿಕೆಟ್ಟು ಎಂದರೆ ಕೈಗೆ ಕಟ್ಟುವ ಕೆಂಪು ಬ್ಯಾಂಡು. ಅಣ್ಣನ ಕೈಗೊಂದು, ಅತ್ತಿಗೆಯ ಕೈಗೊಂದು ಕಟ್ಟಿ, ಮೂರನೆಯದನ್ನು ನನ್ನ ಕುರ್ಚಿಯ ಹಿಡಿಕೆಗೆ ಕಟ್ಟಿದರು. "ಇದು ಇದ್ರೆ ಎಲ್ಲಾ ಆಟಕ್ಕೂ ಬಿಡ್ತಾರೆ" ಎಂದು ವಾಚ್‌ಮನ್ ಕುರ್ಚಿಗೆ ತಿಳಿಸಿದ.

ಕುರ್ಚಿಯ ರೈಲು ಪ್ರಯಾಣ

ಪುಟಾಣಿ ರೈಲಿನ ಕಡೆಯ ಡಬ್ಬಿ ನೆಲಕ್ಕೆ ತಾಗುವಷ್ಟು ತಗ್ಗು, ಬಾಗಿಲೂ ಅಗಲ. ಯಾರೂ ಎತ್ತದೆ ನಾನೇ ಹತ್ತಬಹುದಾದ ಆಟ ಅದೊಂದೇ. ಸಾಲಿನಲ್ಲಿ ನಿಂತೆವು. ಎಂದರೆ ಅವರಿಬ್ಬರು ನಿಂತರು, ನಾನು ಕೂತೆ. ನನ್ನ ಸರದಿ ಬಂದಾಗ ರೈಲಿನವನು, "ಬ್ಯಾಂಡು?" ಎಂದ. ಹಿಡಿಕೆ ತೋರಿಸಿದೆ.

"ಇದು ಕುರ್ಚಿದು. ನಿಮ್ದು?"

"ನನಗೆ ಫ್ರೀ. ಬ್ಯಾಂಡ್ ಕೊಡ್ಲಿಲ್ಲ."

"ಬ್ಯಾಂಡ್ ಇಲ್ದೆ ಬಿಡುಕಿಲ್ಲ. ಕುರ್ಚಿ ಬೇಕಾದ್ರೆ ಹೋಗ್ಲಿ."

ಮೋಟಾರು ಕುರ್ಚಿಯೊಂದು ಒಬ್ಬಂಟಿಯಾಗಿ ರೈಲಿನಲ್ಲಿ ಸುತ್ತು ಹಾಕಿ ಬರುವುದನ್ನು ನಾನು ಕಲ್ಪಿಸಿಕೊಂಡೆ. ಅದಕ್ಕೂ ರಜೆ ಬೇಕು, ನಿಜ. ಆದರೆ ಅಷ್ಟು ಹೊತ್ತು ನಾನು ಎಲ್ಲಿ ಕೂರಲಿ? ಅಣ್ಣ ಗೇಟಿಗೆ ಓಡಿದ. ಅಲ್ಲಿ ಏನು ವಾದ ಮಾಡಿದನೋ ಗೊತ್ತಿಲ್ಲ, ಬೆವರೊರೆಸಿಕೊಂಡು ಬಂದಾಗ ಅವನ ಕೈಯಲ್ಲಿ ಇನ್ನೊಂದು ಬ್ಯಾಂಡು ಇರಲಿಲ್ಲ, ಮ್ಯಾನೇಜರರ ಉತ್ತರ ಮಾತ್ರ ಇತ್ತು. ಅಕ್ಕೋರಿಗೆ ಫ್ರೀ ಆದ್ದರಿಂದ ಬ್ಯಾಂಡು ಕಟ್ಟುವ ಹಾಗಿಲ್ಲವಂತೆ.

ನನಗೆ ಸಿಟ್ಟು ಬಂತು. ಹಿಡಿಕೆಯ ಬ್ಯಾಂಡನ್ನು ಬಿಚ್ಚಿ ನನ್ನ ಕೈಗೆ ಕಟ್ಟಿಕೊಂಡು, ರೈಲಿನವನ ಮೂಗಿನ ಮುಂದೆ ಹಿಡಿದೆ. ಅವನಿಗೆ ಸಮಾಧಾನವಾಯಿತು. "ಹಾಂ, ಈಗ ಸರಿ ಆತು" ಎಂದು ಬಾಗಿಲು ತೆಗೆದ. ಗಾಲಿ ಒಳಗಿಟ್ಟೆನೋ ಇಲ್ಲವೋ, ಅವನ ಕಣ್ಣು ಹಿಡಿಕೆಯ ಮೇಲೆ ಬಿತ್ತು.

"ಅಲ್ಲಾ, ಕುರ್ಚಿದು ಬ್ಯಾಂಡ್ ಎಲ್ಲಿ?"

ಅಷ್ಟರಲ್ಲಿ ಅತ್ತಿಗೆ ತನ್ನ ಬ್ಯಾಂಡನ್ನು ಬಿಚ್ಚಿ ಹಿಡಿಕೆಗೆ ಕಟ್ಟಿ, ತಾನು ಒಂದು ಕಲ್ಲುಬೆಂಚಿನ ಮೇಲೆ ಕೂತು ಶೇಂಗಾ ತಿನ್ನತೊಡಗಿದಳು.

ಡೈನೋಸಾರಿನ ಪಕ್ಕ

ಸಂಜೆಯಾಗುತ್ತ ಬಂತು. ಬೆಳಿಗ್ಗೆಯಿಂದ ನನ್ನನ್ನು ಒಬ್ಬರೂ ಎತ್ತಿರಲಿಲ್ಲ. ಭಟ್ಕಳದ ಮನೆಯ ಕಿಟಕಿಗೆ ಯಾವ ಬಣ್ಣದ ಪರದೆ ಎಂಬಲ್ಲಿಯವರೆಗೆ ನಾನು ಮುಟ್ಟಿದ್ದೆ. ಅಣ್ಣನಿಗೆ ಸೋಲು ಕಂಡಿತ್ತು. ಅದನ್ನು ಮರೆಯಲು ಮಳೆ ಡ್ಯಾನ್ಸಿಗೆ ಹೋಗಿ, ಹಾಡಿನ ಎರಡನೇ ಸಾಲಿಗೇ ಕಾಲು ಜಾರಿ ದೊಪ್ಪನೆ ಬಿದ್ದ. ಪಾದದ ಗಂಟು ಉಳುಕಿ ಊದಿತು.

ಎಲ್ಲಿದ್ದರೋ, ನಾಲ್ಕು ಜನ ಓಡಿ ಬಂದರು. "ಹಿಡಿ, ಹಿಡಿ!"

"ಬೇಡ, ನಾ ನಡೀತೆ" ಎಂದ ಅಣ್ಣ.

ಯಾರು ಕೇಳುತ್ತಾರೆ? ಎತ್ತಿದರು. ಆ ತುಕ್ಕು ಹಿಡಿದ ಕುರ್ಚಿಗೆ ಕೊನೆಗೂ ಒಬ್ಬ ಸಿಕ್ಕಿದ. ಕಾಲಿಗೆ ಪಟ್ಟಿ ಸುತ್ತಿ, ಅವನನ್ನು ಅದರಲ್ಲಿ ಕೂರಿಸಿ ಹೊರಗೆ ಹೊರಟೆವು. ದಾರಿಯಲ್ಲಿ ಡೈನೋಸಾರಿನ ಕಟ್ಟೆ ಸಿಕ್ಕಿತು. ಅಣ್ಣನ ಕುರ್ಚಿಯ ಗಾಲಿ ಅದಕ್ಕೆ ತಾಗಿ ನಿಂತಿತು. ಪ್ರವಾಸದ ಬಸ್ಸಿನಿಂದ ಇಳಿದ ಬೇರೆ ನಾಲ್ಕು ಜನ ನೋಡಿದರು, ಪಾಪ, ಫೋಟೋ ತೆಗೆಸಿಕೊಳ್ಳಲು ಆಸೆ ಎಂದುಕೊಂಡರು. ಅಣ್ಣನನ್ನು ಕುರ್ಚಿ ಸಮೇತ ಎತ್ತಿ ಡೈನೋಸಾರಿನ ಬಾಯಿಯ ಕೆಳಗೆ ಇಟ್ಟರು.

"ಇಳಿಸ್ರೋ! ನಾ ಮನೆಗೆ ಹೋಗ್ಬೇಕು!"

"ನಗಾಡಿ ಸರ್, ನಗಾಡಿ" ಎಂದ ಫೋಟೋದವನು.

ನಾನು ಕೆಳಗಿನಿಂದ ನೋಡಿದೆ. ಅಣ್ಣನ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಅಂಥ ಕಟ್ಟೆಗಳ ಮೇಲೆ ನಾನೂ ಎಷ್ಟೋ ಸಲ ಹೀಗೇ ಕೂತಿದ್ದೇನೆ, ಡೈನೋಸಾರು ಮಾತ್ರ ಇರಲಿಲ್ಲ.

ಎತ್ತುದಾ?

ಹೊರಗೆ ಹೋಗುವ ಬಾಗಿಲೇ ಬೇರೆ, ಅದಕ್ಕೆ ಎರಡು ಮೆಟ್ಟಿಲು. ಡೈನೋಸಾರಿನ ಕಟ್ಟೆಯಿಂದ ಇಳಿಸಿದವರೇ ಅಣ್ಣನನ್ನು ಆಗಲೇ ಎತ್ತಿ ದಾಟಿಸಿಬಿಟ್ಟಿದ್ದರು. ಅತ್ತಿಗೆ ಹಲಗೆ ತರಲು ವ್ಯಾನಿಗೆ ಹೋದಳು. ನಾನು ಮೆಟ್ಟಿಲಿನ ಮುಂದೆ ಒಬ್ಬಳೇ. ಬೆಳಗಿನ ವಾಚ್‌ಮನ್ ಇನ್ನೂ ಮೂವರ ಜೊತೆ ಬಂದ. ನಾನು ಬೇಡ ಎನ್ನಲು ಕೈ ಎತ್ತಿ ಸಿದ್ಧಳಾದೆ. ಬೆಳಗಿನದು ನೆನಪಿತ್ತೇನೋ, ಅವನು ಎರಡು ಹೆಜ್ಜೆ ದೂರದಲ್ಲೇ ನಿಂತ.

"ಅಕ್ಕೋರೆ, ನಿಮ್ಮನ್ನ ಎತ್ತುದಾ, ಬ್ಯಾಡ್ದಾ?"

ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದೆ ಎತ್ತಿದವರಿಗೆ ಕೊಡಲು ನನ್ನ ಹತ್ತಿರ ಹತ್ತು ಉತ್ತರಗಳಿದ್ದವು. ಕೇಳಿದವನಿಗೆ ಕೊಡಲು ಒಂದೂ ಇರಲಿಲ್ಲ. ಬಾಯಿ ತೆರೆದೆ. ಗಲಿಬಿಲಿಯಲ್ಲಿ, "ಹೂಂ" ಎಂದುಬಿಟ್ಟೆ.

ಕುರ್ಚಿಯೇ ಒಂದು ಪಂಪ್‌ಸೆಟ್ಟಿನಷ್ಟು ಭಾರ, ಮೇಲೆ ನಾನು. ನಾಲ್ವರೂ ಏದುಸಿರು ಬಿಡುತ್ತ ಎತ್ತಿ, ನಾನು ಹೇಳಿದ ಜಾಗಕ್ಕೇ ಇಳಿಸಿದರು. ಆಚೆಯಿಂದ ಅಣ್ಣ ಕಾಲು ನೋವನ್ನೂ ಮರೆತು ಕೂಗಿದ.

"ಸೋತೆ! ಎತ್ತಿದ್ರು! ನಾ ಕಂಡೆ!"

ಹಲಗೆ ಹಿಡಿದು ಬರುತ್ತಲೇ ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ ಅವನನ್ನು ಕೇಳಿದಳು, "ನಿಮ್ಮನ್ನ ಎತ್ತುವಾಗ ಯಾರಾದ್ರೂ ಕೇಳಿದ್ರಾ?"

ಅಣ್ಣ ಡೈನೋಸಾರಿನ ಕಡೆ ಒಮ್ಮೆ ನೋಡಿ, "ಇಲ್ಲ" ಎಂದ.

"ತಂಗಿನ್ನ ಕೇಳಿ ಎತ್ತಿದ್ರು. ಅದು ಲೆಕ್ಕಕ್ಕಿಲ್ಲ" ಎಂದು ಅತ್ತಿಗೆ ಅವನ ಕಿಸೆಗೆ ಕೈ ಹಾಕಿ ವ್ಯಾನಿನ ಕೀ ತೆಗೆದುಕೊಂಡಳು. ಅವಳು ಮಾತ್ರ ಯಾರನ್ನೂ ಕೇಳಲಿಲ್ಲ.

ಸಕ್ಕರೆ

ಹೆದ್ದಾರಿಗೆ ಬಂದಾಗ ಅತ್ತಿಗೆ ಕುಮಟೆಯ ಕಡೆ ತಿರುಗಿಸಲಿಲ್ಲ, ಭಟ್ಕಳದ ಕಡೆ ತಿರುಗಿಸಿದಳು. "ಇಲ್ಲಿವರೆಗೆ ಬಂದಾತು, ಮನೆ ನೋಡ್ಕಂಡೇ ಹೋಗ್ವಾ" ಎಂದಳು. ಅಣ್ಣ "ಬ್ರೇಕು, ಬ್ರೇಕು" ಎನ್ನುತ್ತಲೇ ಭಟ್ಕಳ ಮುಟ್ಟಿದ.

ಮನೆಯ ಯಜಮಾನರು ದುಬೈಯಲ್ಲಿದ್ದಾರೆ, ಪಕ್ಕದ ಮನೆಯಲ್ಲೇ ಇರುವ ಅವರ ಹೆಂಡತಿ ಬಂದು ಬಾಗಿಲು ತೆರೆದರು. ತಮ್ಮ ತಾಯಿಯ ಗಾಲಿಕುರ್ಚಿಗೆಂದೇ ಬಾಗಿಲಿನಲ್ಲಿ ಮೆಟ್ಟಿಲಿಲ್ಲದೆ ಕಟ್ಟಿಸಿದ ಮನೆ. ನಾನು ವ್ಯಾನಿನಿಂದ ಹಲಗೆಯ ಮೇಲೆ ಇಳಿದು, ಹೊಸ್ತಿಲು ದಾಟಿ ಸೀದಾ ನಡುಮನೆಗೆ ಹೋದೆ. ಹಾಗೆ ಒಂದು ಮನೆಯೊಳಕ್ಕೆ ಹೋದದ್ದು ಅದೇ ಮೊದಲು. ಎಷ್ಟು ಸಂತೋಷವಾಯಿತೆಂದರೆ, ಹೊರಗೆ ಬಂದು ಇನ್ನೊಮ್ಮೆ ಹೋದೆ. ಹಿಂದೆ ಅಣ್ಣ ಅತ್ತಿಗೆಯ ಹೆಗಲು ಹಿಡಿದು, ಕುಂಟುತ್ತ, ನರಳುತ್ತ ಬಂದ.

ಯಜಮಾನರ ಹೆಂಡತಿ ಅವನನ್ನೇ ನೋಡಿದರು. ಪಟ್ಟಿ ಸುತ್ತಿದ ಕಾಲು, ಒದ್ದೆ ಅಂಗಿ, ಅಳುಮುಖ. ಅವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಬಾಡಿಗೆಗೆ ಬರೋರು ಇವ್ರಾ? ಒಬ್ರೇ ಇರ್ತಾರಾ? ಪಾಪ, ನೋಡ್ಕೊಳ್ಳೋರು ಯಾರು?"

"ಅವನು ಕುಮಟೆಯಲ್ಲೇ ಇರ್ತಾನೆ. ಬಾಡಿಗೆಗೆ ಬರೋದು ನಾನು" ಎಂದೆ.

"ಹೌದಾ? ನೀವಾದ್ರೆ ತೊಂದ್ರೆ ಇಲ್ಲ" ಎಂದರು, ಅವರಿಗೆ ಜೀವ ಬಂತು. ಚಹಾ ತಂದರು. ಅಣ್ಣನ ಮುಂದೆ ನಿಂತು, ನನ್ನ ಕಡೆ ತಿರುಗಿ ಕೇಳಿದರು.

"ಇವ್ರಿಗೆ ಸಕ್ರೆ ಹಾಕೋದಾ?"

"ನಂಗೆ ಎರಡು ಚಮಚ ಹಾಕಿ" ಎಂದ ಅಣ್ಣ.

ಅವರು ನನ್ನನ್ನೇ ನೋಡುತ್ತ, "ಎರಡು ಚಮಚ ಅಂತಾರೆ. ಕೊಡ್ಲಾ?" ಎಂದರು.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಒಂದು ಸಾಕು" ಎಂದೆ.