ಕಳುಹಿಸಲಾಗುತ್ತಿದೆ

ಎಲ್ಲಕ್ಕೂ ಮೂಲ ಚಹಾದ ಲೋಟಕ್ಕೆ ಬಿದ್ದ ಒಂದು ಚೂರು ಸುಣ್ಣ.

ಬೆಳಿಗ್ಗೆ ಏಳು ಗಂಟೆ. ಅಲ್ಪವಿರಾಮರು ಏಳನೇ ತರಗತಿಯ ವಿಜ್ಞಾನ ಪುಸ್ತಕದ ಕರಡು ತಿದ್ದುತ್ತಿದ್ದರು. 'ಕಪ್ಪೆಗೆ ನಾಲ್ಕು ಕಲುಗಳಿವೆ' ಎಂಬಲ್ಲಿ ಒಂದು ದೀರ್ಘ ಎಳೆದು ಕಪ್ಪೆಗೆ ಕಾಲು ಕರುಣಿಸಿದರು. ಆ ಪುಣ್ಯಕಾರ್ಯದ ಸಂತೋಷಕ್ಕೆ ಒಂದು ಗುಟುಕು ಕುಡಿಯೋಣ ಎಂದು ಲೋಟ ಎತ್ತಿದರೋ ಇಲ್ಲವೋ, ಮೇಲಿನ ಮನೆಯಲ್ಲಿ ಹಗ್ಗದಾಟ ಶುರುವಾಯಿತು. ಧಡ್, ಧಡ್, ಧಡ್! ಚಾವಣಿಯಿಂದ ಉಗುರಿನಗಲದ ಸುಣ್ಣದ ಹಕ್ಕಳೆಯೊಂದು ಕಿತ್ತು, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು, ನೇರವಾಗಿ ಚಹಾಕ್ಕೆ ಧುಮುಕಿತು.

ಅಲ್ಪವಿರಾಮರು ಎನ್ನುವುದು ಅವರ ಹೆಸರಲ್ಲ, ಕಟ್ಟಡದವರು ಇಟ್ಟ ಬಿರುದು. ಮನೆಯಲ್ಲೇ ಕುಳಿತು ಪಠ್ಯಪುಸ್ತಕಗಳ ಕರಡು ತಿದ್ದುವುದು ಅವರ ಕೆಲಸ. ಮೊದಲು ಎಲ್ಲರೂ ಅವರನ್ನು 'ಕಾಮಾ' ಎಂದೇ ಕರೆಯುತ್ತಿದ್ದರು. ಒಂದು ದಿನ ಮೆಟ್ಟಿಲಲ್ಲಿ ಯಾರೋ "ಕಾಮಾ ಬಂದ್ರು, ದಾರಿ ಬಿಡಿ!" ಎಂದು ಕೂಗಿದ್ದು ಅವರ ಹೆಂಡತಿಯ ಕಿವಿಗೆ ಬಿತ್ತು. ಆಕೆ ನೋಡಿದ ನೋಟಕ್ಕೆ ಇಡೀ ಕಟ್ಟಡ ಅಂದಿನಿಂದ ಶುದ್ಧ ಕನ್ನಡಕ್ಕೆ ತಿರುಗಿತು.

ಸುಣ್ಣದ ಚಹಾವನ್ನು ಬಚ್ಚಲಿಗೆ ಸುರಿದು ಬಂದ ಅಲ್ಪವಿರಾಮರು ಕಂಪ್ಯೂಟರ್ ಮುಂದೆ ಕುಳಿತರು. ಕಟ್ಟಡದ ಎಂಟೂ ಮನೆಗಳಿಗೆ ಒಟ್ಟಿಗೆ ಮಿಂಚಂಚೆ ಹೋಗುವ ಏರ್ಪಾಡೊಂದಿತ್ತು. ಎರಡು ವರ್ಷದ ಸಿಟ್ಟನ್ನೆಲ್ಲ ಅದಕ್ಕೆ ಸುರಿದರು.

'ಮಾನ್ಯರೇ, ಈ ಕಟ್ಟಡದಲ್ಲಿ ಕೆಲವರು ಬೆಳಗಾಗೆದ್ದು ಪರರ ತಲೆಯ ಮೇಲೆ ಆನೆ ಕುಣಿಸುತ್ತಾರೆ. ಕೆಲವರು ಏಣಿ ಕೇಳಿ ಒಯ್ದರೆ, ಅದನ್ನು ಹತ್ತಿ ಸ್ವರ್ಗಕ್ಕೇ ಹೋದರೇನೋ ಎಂಬಂತೆ ಮತ್ತೆ ಮುಖ ತೋರಿಸುವುದಿಲ್ಲ. ಇನ್ನು ಕೆಲವರ ಗಂಟಲು ಹುಟ್ಟಿನಿಂದ ಬಂದದ್ದೋ, ಕಾರ್ಖಾನೆಯಲ್ಲಿ ಮಾಡಿಸಿದ್ದೋ ತಿಳಿಯದು. ಅವರು ಮೆಟ್ಟಿಲಲ್ಲಿ ಗುಟ್ಟು ಹೇಳಿದರೆ ಬೀದಿಯ ನಾಯಿಗಳು ಎದ್ದು ಕೂರುತ್ತವೆ...'

ಹೀಗೆ ಒಂದೂವರೆ ಪುಟ. ಆನೆಯವರೆಂದರೆ ಮೇಲಿನ ಮನೆಯ ಡ್ರಿಲ್ ಟೀಚರ್. ಏಣಿಯವರು ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಗಂಟಲಿನವರು ಕೆಳಮನೆಯ ನಿವೃತ್ತ ಸ್ಟೇಷನ್ ಮಾಸ್ತರು, ಕಟ್ಟಡದ ಕಾರ್ಯದರ್ಶಿ. ಹೆಸರು ಮಾತ್ರ ಎಲ್ಲೂ ಬರೆಯಲಿಲ್ಲ. ಬರೆಯದಿದ್ದರೂ ಮುಟ್ಟಬೇಕಾದವರಿಗೆ ಮುಟ್ಟೇ ಮುಟ್ಟುತ್ತದೆ ಎಂದು ಅವರಿಗೆ ನಂಬಿಕೆ. ಮೂರು ಸಲ ಕರಡು ತಿದ್ದಿ, ಒಂದೇ ಒಂದು ಕಾಗುಣಿತದ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಒಂಬತ್ತು ಹತ್ತಕ್ಕೆ ಸೆಂಡ್ ಒತ್ತಿದರು.

ಪರದೆಯ ಮೇಲೆ 'ಕಳುಹಿಸಲಾಗುತ್ತಿದೆ' ಎಂಬ ಅಕ್ಷರ ಮೂಡಿತು. ಪಕ್ಕದಲ್ಲಿ ಚಿಕ್ಕ ಚಕ್ರವೊಂದು ಸುತ್ತಿತು, ನಿಧಾನವಾಯಿತು, ನಿಂತೇ ಹೋಯಿತು. ಮೌಸ್ ಅಲ್ಲಾಡಿಸಿದರು. ಬಾಣ ಗೋಂದಿಗೆ ಸಿಕ್ಕ ನೊಣದಂತೆ ಕದಲಲಿಲ್ಲ. ಕಂಪ್ಯೂಟರ್ ಹ್ಯಾಂಗ್ ಆಗಿತ್ತು. ಅದೇನೂ ಹೊಸದಲ್ಲ, ದಿನಕ್ಕೆ ನಾಲ್ಕು ಸಲ ಹಾಗಾಗುತ್ತಿತ್ತು. ಇವರು ಎದ್ದು ಕೈಕಾಲು ಚಾಚಿದರು.

ಅಷ್ಟರಲ್ಲಿ ಕೆಳಗೆ ಹೋಗಿದ್ದ ಹೆಂಡತಿ ಏದುಸಿರು ಬಿಡುತ್ತ ಬಂದರು.

"ರೀ, ಕೇಳಿದ್ರಾ? ನಿಮಗೆ ಆ ಕೆಳಗಿನ ಕೋಣೆ ಕೊಡ್ತಾರಂತೆ!"

"ಯಾವ ಕೋಣೆ?"

"ಅದೇ, ಮೀಟರ್ ಬೋರ್ಡಿನ ಪಕ್ಕ ಖಾಲಿ ಬಿದ್ದಿರೋದು. ಕೂತು ಕೆಲಸ ಮಾಡೋಕೆ ಸದ್ದಿಲ್ಲದ ಜಾಗ ಕೊಡಿ ಅಂತ ಎರಡು ವರ್ಷದಿಂದ ಅಂಗಲಾಚ್ತಿದ್ರಲ್ಲ? ನಿನ್ನೆ ಸಭೇಲಿ ಒಪ್ಪಿದ್ರಂತೆ. ನಿಮ್ಮ ಪರವಾಗಿ ವಾದ ಮಾಡಿದ್ದು ಯಾರು ಗೊತ್ತಾ? ಮೇಲಿನ ಮನೆ ಟೀಚರ್! ಡಾಕ್ಟರು ಬೇರೆ 'ಪಾಪ, ವಿದ್ವಾಂಸರು' ಅಂದ್ರಂತೆ. ಸಂಜೆ ಆರಕ್ಕೆ ಕೀ ಕೊಡ್ತಾರಂತೆ. ಅರೆ, ಯಾಕೆ ಹಾಗೆ ಬಿಳುಚಿಕೊಂಡ್ರಿ?"

ಅಲ್ಪವಿರಾಮರು ಗಕ್ಕನೆ ತಿರುಗಿ ಪರದೆ ನೋಡಿದರು. 'ಕಳುಹಿಸಲಾಗುತ್ತಿದೆ.' ಅಂದರೆ ಇನ್ನೂ ಹೋಗಿಲ್ಲ! ಹುಲಿಯ ಬಾಯಿಂದ ಜಾರಿದ ಮೊಲದಂತೆ ಮೇಜಿನಡಿಗೆ ನುಗ್ಗಿ ಇಂಟರ್ನೆಟ್ ವೈರನ್ನು ಕಿತ್ತೆಸೆದರು. ಬಳಿಕ ಪವರ್ ಗುಂಡಿಯನ್ನು ಅದುಮಿ ಹಿಡಿದು ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿದರು. ಅದು ಕಣ್ಣು ಬಿಡಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಔಟ್‌ಬಾಕ್ಸ್ ತೆರೆದರೆ, ಅಲ್ಲೇ ಇದೆ ಪತ್ರ! ಅಳಿಸೋಣ ಎಂದು ಬಾಣವನ್ನು ಅದರತ್ತ ಒಯ್ಯುತ್ತಿದ್ದಂತೆ ಕಂಪ್ಯೂಟರ್ ಮತ್ತೆ ಕಲ್ಲಾಯಿತು.

ಇನ್ನೊಂದು ಸಲ ಆರಿಸಿ ಹಚ್ಚಿದರು. ಮತ್ತೆ ಕಲ್ಲು. ಆಮೇಲೆ ಇನ್ನೊಂದು ಸಲ. ವೈರ್ ಸಿಕ್ಕಿಸಿದರೆ ಪತ್ರ ಹೋಗುತ್ತದೆ. ಸಿಕ್ಕಿಸದೆ ಅಳಿಸೋಣವೆಂದರೆ ಯಂತ್ರ ಬಿಡುತ್ತಿಲ್ಲ.

ಗಂಡನ ಪಾಡು ನೋಡಲಾರದೆ ಹೆಂಡತಿ ಒಂದು ಉಪಕಾರ ಮಾಡಿದರು. ಮೆಟ್ಟಿಲಲ್ಲಿ ನಿಂತು, "ನಮ್ಮನೆಯವರ ಕಂಪ್ಯೂಟರ್ ಕೆಟ್ಟಿದೆ ಕಣ್ರೀ, ಪ್ರಾಣವೇ ಹೋದ ಹಾಗೆ ಕೂತಿದ್ದಾರೆ" ಎಂದುಬಿಟ್ಟರು.

ಹತ್ತೂಕಾಲಿಗೆ ಹಲ್ಲಿನ ಡಾಕ್ಟರು ಬಂದರು. ಹಣೆಗೆ ದೀಪ, ಕೈಯಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ.

"ಎಷ್ಟು ದಿನದಿಂದ ಹೀಗಿದೆ?"

"ಏನಿಲ್ಲ ಡಾಕ್ಟ್ರೇ, ನಾನೇ ನೋಡ್ಕೋತೀನಿ..."

"ಎಲ್ಲ ರೋಗಿಗಳೂ ಹೀಗೇ ಅನ್ನೋದು. ಆಮೇಲೆ ದವಡೆ ಊದಿಸ್ಕೊಂಡು ಬರೋದು." ಡಾಕ್ಟರು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಕನ್ನಡಿ ತೂರಿಸಿದರು. "ಅಬ್ಬಬ್ಬಾ! ಎಷ್ಟು ವರ್ಷದ ಪಾಚಿ ಇದು! ಒಂದು ದಿನವಾದ್ರೂ ಉಜ್ಜಿದ್ದೀರಾ?" ಎನ್ನುತ್ತ ಹಿಂಬದಿಗೆ ಬಗ್ಗಿದವರು ಹರ್ಷದಿಂದ ಕೂಗಿದರು: "ಸಿಕ್ತು! ನೋಡಿ ಸಾರ್, ವೈರೇ ಕಿತ್ತಿದೆ! ಬುಡ ಸಡಿಲ ಆಗಿದ್ರೆ ಹಲ್ಲು ನಿಲ್ಲತ್ತಾ?"

ಅವರು ವೈರನ್ನು ತೂತಿನ ಬಾಯಿಗೆ ತಂದಿದ್ದರು. ಅಲ್ಪವಿರಾಮರು ಹಾರಿ ಅವರ ಮುಂಗೈ ಹಿಡಿದುಕೊಂಡರು.

"ಬೇಡಿ! ಅದು... ಅದು ಶಾಕ್ ಹೊಡೆಯುತ್ತೆ!"

"ಇಂಟರ್ನೆಟ್ ವೈರು ಶಾಕ್ ಹೊಡೆಯುತ್ತಾ?"

"ನಮ್ಮನೇದು ಹೊಡೆಯುತ್ತೆ."

ಡಾಕ್ಟರು ವೈರನ್ನು ಹಾವಿನ ಬಾಲದಂತೆ ಕೆಳಗಿಟ್ಟರು. ಆಮೇಲೆ ಅತ್ತಿತ್ತ ನೋಡಿ, ಕಣ್ಣು ಮಿಟುಕಿಸಿ, "ನಿಮ್ಮಂಥವರು ಈ ಕಟ್ಟಡಕ್ಕೆ ಬೇಕು ಸಾರ್" ಎಂದು ಪಿಸುಗುಟ್ಟಿದರು. ಇಂಥ ಸಜ್ಜನನಿಗೆ ಹಾಗೆ ಬರೆದೆನಲ್ಲ ಎಂದು ಇವರ ಕರುಳು ಚುರುಕ್ಕೆಂದಿತು.

ಹನ್ನೊಂದಕ್ಕೆ ಡ್ರಿಲ್ ಟೀಚರ್ ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೂದಲು ಒಣಗಿಸುವ ಯಂತ್ರ.

"ಸಾರ್, ನೀವು ಪಕ್ಕಕ್ಕೆ ಸರೀರಿ. ಇದಕ್ಕೆ ಶಿಸ್ತಿಲ್ಲ, ಅಷ್ಟೇ. ಉಸಿರಾಟ ಸರಿಯಿಲ್ಲದ ಮಕ್ಕಳೂ ಹೀಗೇ ಅರ್ಧ ಓಟಕ್ಕೆ ನಿಂತುಬಿಡ್ತಾವೆ."

ಟೀಚರ್ ಸೀಟಿ ಊದಿ ಯಂತ್ರ ಚಾಲೂ ಮಾಡಿದರು. ಕಂಪ್ಯೂಟರಿನ ಒಡಲಲ್ಲಿ ಆರು ವರ್ಷದಿಂದ ನೆಮ್ಮದಿಯಾಗಿದ್ದ ಧೂಳು ಒಮ್ಮೆಗೇ ಎದ್ದಿತು. ಕೋಣೆಯಲ್ಲಿ ಯಾರಿಗೆ ಯಾರೂ ಕಾಣದಾದರು. ಮೇಜಿನ ಮೇಲಿದ್ದ ವಿಜ್ಞಾನದ ಕರಡು ಹಾಳೆಗಳು ಪಾರಿವಾಳದ ಹಿಂಡಿನಂತೆ ಹಾರಿದವು. ಕಪ್ಪೆಯ ಪಾಠ ಕಿಟಕಿಯಿಂದ ಜಿಗಿದು ಬೀದಿಗೆ ಹೋಯಿತು. ಡಾಕ್ಟರು ಸೀನಿದರು, ಹೆಂಡತಿ ಸೀನಿದರು. ಅಲ್ಪವಿರಾಮರು ಮಾತ್ರ ಎರಡೂ ಕೈಯಿಂದ ವೈರಿನ ತುದಿ ಹಿಡಿದುಕೊಂಡೇ ಏಳು ಸಲ ಸೀನಿದರು.

ಧೂಳಿನ ನಡುವಿನಿಂದ ಹೊಸದೊಂದು ಕಂಠ ಮೊಳಗಿತು. "ದಯವಿಟ್ಟು ಗಮನಿಸಿ! ಕೆಳಗೆ ಹಾಳೆ ಬೀಳ್ತಾ ಇದೆ! ಯಾರದ್ದು?"

ಕಪ್ಪೆಯ ಪಾಠವನ್ನು ಹಿಡಿದುಕೊಂಡು ಸ್ಟೇಷನ್ ಮಾಸ್ತರು ಒಳಗೆ ಬಂದರು. ವಿಷಯ ತಿಳಿದು, ಹುಬ್ಬು ಮೇಲೇರಿಸಿ, "ಸಂಜೆ ಆರರೊಳಗೆ ಇದು ಸರಿಯಾಗ್ಲೇಬೇಕು ಸ್ವಾಮಿ. ಕಂಪ್ಯೂಟರ್ ಇಲ್ದೆ ನಿಮ್ಮ ಕೆಲಸ ಹೇಗೆ ನಡೀಬೇಕು?" ಎಂದರು. ಅವರ ಕಣ್ಣು ಅಲ್ಪವಿರಾಮರ ಮುಷ್ಟಿಯ ಮೇಲೆ ನಿಂತಿತು. "ಅದೇನದು ಕೈಯಲ್ಲಿ? ಹಳಿ ತಪ್ಪಿದ ವೈರು! ಇದನ್ನ ಸಿಕ್ಕಿಸದೆ ಗಾಡಿ ಓಡು ಅಂದ್ರೆ ಓಡುತ್ತಾ? ಕೊಡಿ ಇಲ್ಲಿ."

"ಅದು ಶಾಕ್..." ಎಂದರು ಡಾಕ್ಟರು.

"ನಲವತ್ತು ವರ್ಷ ರೈಲು ಬಿಟ್ಟವನು ನಾನು. ನನಗೆ ಶಾಕ್ ಲೆಕ್ಕವಿಲ್ಲ."

ಮಾಸ್ತರು ಎಳೆದರು. ಅಲ್ಪವಿರಾಮರು ಬಿಡಲಿಲ್ಲ. ಟೀಚರಿಗೆ ಹಗ್ಗಜಗ್ಗಾಟ ಕಂಡರೆ ತಡೆಯುವುದೇ? ಸೀಟಿ ಊದಿ ಮಾಸ್ತರ ಸೊಂಟ ಹಿಡಿದುಕೊಂಡರು. ಡಾಕ್ಟರೂ ಸೇರಿಕೊಂಡರು. ಮೂವರ ಬಲಕ್ಕೆ ಅಲ್ಪವಿರಾಮರ ಚಪ್ಪಲಿ ನೆಲದ ಮೇಲೆ ಜಾರುತ್ತ ಬಂತು. ಕಂಪ್ಯೂಟರಿನ ತೂತಿಗೆ ಇನ್ನು ಮೂರು ಗೇಣು, ಎರಡು ಗೇಣು. ಬೇರೆ ದಾರಿ ಕಾಣದೆ ಅವರು ಹೊಲಿಗೆ ಯಂತ್ರದ ಮೇಲಿದ್ದ ಹೆಂಡತಿಯ ಕತ್ತರಿಗೆ ಕೈ ಚಾಚಿ, ಕಚಕ್ಕೆಂದು ವೈರನ್ನು ತುಂಡರಿಸಿಬಿಟ್ಟರು.

ಎದುರು ಪಕ್ಷ ಸಾಲಾಗಿ ಸೋಫಾದ ಮೇಲೆ ಬಿತ್ತು.

"ರೀ!" ಎಂದರು ಹೆಂಡತಿ. "ಅದು ಬಟ್ಟೆ ಕತ್ತರಿ!"

"ಹಳೇ ವೈರು," ಎಂದರು ಅಲ್ಪವಿರಾಮರು ಬೆವರು ಒರೆಸಿಕೊಳ್ಳುತ್ತ. "ಬೆಳಿಗ್ಗೆಯಿಂದ ಕತ್ತರಿಸಬೇಕು ಅಂತಿದ್ದೆ."

ಮೂವರೂ ಮುಖ ಮುಖ ನೋಡಿಕೊಂಡರು. ದೊಡ್ಡವರು ಏನು ಮಾಡಿದರೂ ಅರ್ಥವಿರುತ್ತದೆ ಎಂಬಂತೆ ತಲೆದೂಗಿದರು.

ಅದೇ ಗಳಿಗೆಯಲ್ಲಿ ಧೂಳು ಕಳಚಿದ ಕಂಪ್ಯೂಟರ್ ಠಣ್ ಎಂದು ಎಚ್ಚೆತ್ತಿತು. ಬಾಣ ಮೀನಿನಂತೆ ಸರಸರ ಓಡಾಡಿತು. ಮೂರು ತಲೆಗಳು ಅಲ್ಪವಿರಾಮರ ಹೆಗಲ ಮೇಲಿಂದ ಪರದೆಯತ್ತ ಬಾಗಿದವು.

"ತಿರುಗಿ!" ಎಂದು ಅರಚಿದರು ಅವರು. "ಪಾಸ್‌ವರ್ಡ್ ಹಾಕ್ತಿದ್ದೀನಿ! ಎಲ್ಲರೂ ಗೋಡೆ ಕಡೆ ತಿರುಗಿ!"

ಟೀಚರ್ "ಪೀಛೇ... ಮುಡ್!" ಎಂದರು. ಮೂವರೂ ಗೋಡೆಗೆ ಮುಖ ಮಾಡಿ ನಿಂತರು. ಅಲ್ಪವಿರಾಮರು ಔಟ್‌ಬಾಕ್ಸ್ ತೆರೆದರು, ಪತ್ರ ಹಿಡಿದರು, ಅಳಿಸಿದರು. ಕಸದ ಬುಟ್ಟಿಯಿಂದಲೂ ಅಳಿಸಿದರು. ಬಳಿಕ ಕುರ್ಚಿಗೆ ಒರಗಿ, ಹೆರಿಗೆಯಾದ ತಾಯಿಯಂತೆ ದಣಿದ ನಗೆ ನಕ್ಕರು. ಬಂದವರಿಗೆ ಒತ್ತಾಯ ಮಾಡಿ ಚಹಾ ಕುಡಿಸಿದರು. ಡಾಕ್ಟರು ಹೊರಡುವಾಗ, ಸ್ಕ್ರೂಡ್ರೈವರ್ ಬೇಕಾದರೆ ಒಯ್ಯಿರಿ ಎಂದು ತಾವೇ ಕೈಗಿಟ್ಟರು.

ಸಂಜೆ ಆರಕ್ಕೆ ಎಂಟೂ ಮನೆಯವರು ಕೆಳಗಿನ ಹಜಾರದಲ್ಲಿ ಸೇರಿದ್ದರು. ಅಲ್ಪವಿರಾಮರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುಮಗನಂತೆ ಇಳಿದು ಬಂದರು. ಸ್ಟೇಷನ್ ಮಾಸ್ತರು ಗಂಟಲು ಸರಿಮಾಡಿಕೊಂಡು ಜೇಬಿನಿಂದ ಒಂದು ಹಾಳೆ ತೆಗೆದರು.

"ದಯವಿಟ್ಟು ಗಮನಿಸಿ! 'ಮಾನ್ಯರೇ, ಈ ಕಟ್ಟಡದಲ್ಲಿ ಕೆಲವರು ಬೆಳಗಾಗೆದ್ದು ಪರರ ತಲೆಯ ಮೇಲೆ ಆನೆ ಕುಣಿಸುತ್ತಾರೆ...'"

ಅಲ್ಪವಿರಾಮರು ಹಿಡಿದುಕೊಳ್ಳಲು ಕಂಬ ಹುಡುಕಿದರು.

"ಬೆಳಿಗ್ಗೆ ಒಂಬತ್ತು ಹತ್ತಕ್ಕೇ ಬಂತು ಸ್ವಾಮಿ," ಎಂದರು ಮಾಸ್ತರು, ಹಾಳೆಯನ್ನು ಎತ್ತಿ ಹಿಡಿದು. "ಎಲ್ಲರ ಮೊಬೈಲಿಗೂ ಬಂದಿದೆ. ಸಂಜೆ ತನಕ ಯಾರೂ ಬಾಯಿ ಬಿಡಬಾರದು ಅಂತ ನಾನೇ ತಾಕೀತು ಮಾಡಿದ್ದೆ."

ಹೋಗಿತ್ತು! ಕಂಪ್ಯೂಟರ್ ಪತ್ರವನ್ನು ಕಳುಹಿಸಿಯೇ ಮೂರ್ಛೆ ಹೋಗಿತ್ತು. ಔಟ್‌ಬಾಕ್ಸಿನಲ್ಲಿ ಉಳಿದದ್ದು, ಇವರು ಬೆಳಿಗ್ಗೆಯೆಲ್ಲ ಹೋರಾಡಿ ಕೊಂದದ್ದು, ಅದರ ಬರೀ ನೆರಳು. ಅಲ್ಪವಿರಾಮರು ಕಣ್ಣು ಮುಚ್ಚಿ ಏಟಿಗೆ ಕಾದರು. ಬಂದದ್ದು ಚಪ್ಪಾಳೆ.

"ಆನೆ ವಿಷಯ ಬರೆದ್ರಲ್ಲ ಸಾರ್, ಕಣ್ಣಲ್ಲಿ ನೀರು ಬಂತು," ಎಂದರು ಟೀಚರ್, ತಮ್ಮ ಮೇಲಿನ ಮಹಡಿಯವರತ್ತ ಓರೆಗಣ್ಣು ಹಾಯಿಸಿ. "ಏಣಿ ಮಾತಂತೂ ನೂರಕ್ಕೆ ನೂರು ನಿಜ," ಎಂದು ಡಾಕ್ಟರು ಮಾಸ್ತರ ಕಡೆ ನೋಡಿದರು. "ಕೆಲವರ ಗಂಟಲು! ಆಹಾ!" ಎಂದು ಮಾಸ್ತರು ಗಾಜು ಅದುರುವಂತೆ ಗರ್ಜಿಸಿ, ಟೀಚರ ಸೀಟಿಯನ್ನು ದಿಟ್ಟಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂಬುದು ಗಾದೆ. ಇಲ್ಲಿ ಪ್ರತಿಯೊಬ್ಬರೂ ಪಕ್ಕದವರ ಹೆಗಲನ್ನೇ ನೋಡುತ್ತಿದ್ದರು.

"ಇಷ್ಟು ನಿಷ್ಠುರವಾಗಿ, ಇಷ್ಟು ಶುದ್ಧವಾಗಿ ನಮ್ಮ ಕಷ್ಟ ಹೇಳಿದವರು ಇನ್ನೊಬ್ಬರಿಲ್ಲ," ಎಂದರು ಮಾಸ್ತರು. "ಆದ್ದರಿಂದ ಇವತ್ತಿಂದ ನೀವೇ ನಮ್ಮ ಕಾರ್ಯದರ್ಶಿ. ನನಗೆ ಬಿಡುಗಡೆ! ಆ ಕೋಣೆಯನ್ನೇ ನಿಮ್ಮ ಕಚೇರಿ ಮಾಡಿದ್ದೇವೆ. ಎಲ್ಲರ ದೂರೂ ಇನ್ಮೇಲೆ ಅಲ್ಲಿಗೇ ಬರಲಿ."

"ಅಲ್ಲ, ನಾನು ಕೇಳಿದ್ದು ಸದ್ದಿಲ್ಲದ..."

ಉಳಿದದ್ದು ಚಪ್ಪಾಳೆಯಲ್ಲಿ ಮುಳುಗಿತು. ಯಾರೋ ಕೈಗೆ ಕೀ ಇಟ್ಟರು, ಯಾರೋ ದಪ್ಪ ರಿಜಿಸ್ಟರ್ ಇಟ್ಟರು. ಬಾಗಿಲಿಗೆ ಆಗಲೇ ಫಲಕ ತೂಗಿತ್ತು: 'ಕಾರ್ಯದರ್ಶಿ. ದುರು ಸ್ವೀಕಾರ, ಬೆಳಿಗ್ಗೆ 6ರಿಂದ.' ಅಲ್ಪವಿರಾಮರ ಕೈ ತನ್ನಷ್ಟಕ್ಕೆ ಪೆನ್ನು ತೆಗೆದು 'ದು'ವಿಗೆ ದೀರ್ಘ ಎಳೆಯಿತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಿಜಕ್ಕೂ ಒಳ್ಳೆಯ ಕೋಣೆ. ದಪ್ಪ ಗೋಡೆ, ಒಂದು ಸದ್ದಿಲ್ಲ. ಆ ಸುಖ ಅರ್ಧ ನಿಮಿಷ ಇತ್ತು.

ಬಾಗಿಲು ಬಡಿಯಿತು. ತೆರೆದರೆ ಟೀಚರ್, ಅವರ ಹಿಂದೆ ಡಾಕ್ಟರು, ಅವರ ಹಿಂದೆ ಮಾಸ್ತರು, ಮೆಟ್ಟಿಲವರೆಗೂ ಸಾಲು.

"ಒಂದು ದೂರು ಬರ್ಕೊಳ್ಳಿ ಸಾರ್," ಎಂದರು ಟೀಚರ್ ದನಿ ತಗ್ಗಿಸಿ. "ಹೆಸರು ಹೇಳೋಲ್ಲ. ನಿಮ್ಮ ಹಾಗೇ."

ಅಲ್ಪವಿರಾಮರು ರಿಜಿಸ್ಟರ್ ಬಿಚ್ಚಿ, ಇನ್ನೆಷ್ಟು ಜನ ಇದ್ದಾರೆಂದು ಕತ್ತು ಚಾಚಿ ನೋಡಿದರು. ಸಾಲಿನ ಕಟ್ಟಕಡೆಯಲ್ಲಿ, ಅಲಗು ಮೊಂಡಾದ ಕತ್ತರಿ ಹಿಡಿದು, ಹೆಂಡತಿ ನಿಂತಿದ್ದರು.

"ನನ್ನ ಸರದಿ ನಿಧಾನಕ್ಕೆ ಬರಲಿ ರೀ, ನನಗೇನೂ ಆತುರವಿಲ್ಲ," ಎಂದು ಅವರು ಅಲ್ಲಿಂದಲೇ ಕೂಗಿದರು. "ನಂದು ಸ್ವಲ್ಪ ಉದ್ದ ಇದೆ."