ಸಮುದ್ರದ ಅಪ್ಪಣೆ ಕೇಳಿದ ನಮ್ಮ ಮಾವ

ಪಾಂಡವಪುರ ತಾಲ್ಲೂಕಿನಲ್ಲಿ ಸಮುದ್ರಕ್ಕೇ ನೀರು ಕಟ್ಟಿದವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ನಗಬೇಡಿ, ಸಾಕ್ಷಿಗೆ ನಾನಿದ್ದೇನೆ!

ಮಾವ ಬುಲ್ಡೋಜರ್ ಡ್ರೈವರು. ಮೇಲಧಿಕಾರಿಗಳೆಂದರೆ ಅವರಿಗೆ ಕಾಲಕಸ. ಆದರೆ ಕ್ಯಾತನಹಳ್ಳಿಯ ತಮ್ಮ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಡುವಾಗ ಮಾತ್ರ ಮೂರು ಸಲ ಕೂಗಿ ಅಪ್ಪಣೆ ಕೇಳುತ್ತಿದ್ದರು. ಕೆಳಗಿನ ಗದ್ದೆ ಅವರಕ್ಕನದು, ಅಂದರೆ ನನ್ನವ್ವನದು. “ನೀರ್ ಬುಡ್ತೀನಿ ಕಣಕ್ಕೋ” ಎಂದರೆ ಅವ್ವ ಕಳೆ ಕೀಳುತ್ತಲೇ “ಬುಡು ಕಣ್ಲಾ” ಎನ್ನಬೇಕು. ಎನ್ನದಿದ್ದರೆ ನೀರಿಲ್ಲ. ಒಮ್ಮೆ ಅವ್ವ ಸಿಟ್ಟಿನಲ್ಲಿ ಬಾಯಿ ಬಿಗಿದು ಕೂತಳು. ಮಾವ ಗುದ್ದಲಿ ಹಿಡಿದು ಮಧ್ಯಾಹ್ನದವರೆಗೆ ನಿಂತೇ ಇದ್ದರು.

ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಗುತ್ತಿಗೆದಾರನೊಬ್ಬ ಅವರನ್ನು ಕರಾವಳಿಗೆ ಕರೆದೊಯ್ದ. ಸಮುದ್ರ ನೋಡುವ ಆಸೆಗೆ ನಾನೂ ಹೋದೆ. ಅಲ್ಲಿ ಹೊಳೆಯ ಬಾಯಿಗೆ ಮರಳಿನ ದಿಬ್ಬ ಕಟ್ಟಿಕೊಂಡು, ನೀರು ಸಮುದ್ರ ಸೇರದೆ ಹಿಂದಕ್ಕೆ ನುಗ್ಗಿ ಊರ ಗದ್ದೆಗಳಲ್ಲೆಲ್ಲ ನಿಂತಿತ್ತು. ಮಾವ ಬೆಳಗಿನಿಂದ ದಿಬ್ಬ ಬಗೆದರು. ಇನ್ನು ಮಾರುದ್ದ ಮರಳು ಉಳಿದಿದೆ ಎನ್ನುವಾಗ ಬುಲ್ಡೋಜರ್ ನಿಲ್ಲಿಸಿ, ಇಳಿದು, ಸಮುದ್ರದ ಕಡೆಗೆ ಕೂಗಿದರು: “ನೀರ್ ಬುಡ್ತೀನಿ ಕಣ್ರಪ್ಪೋ.”

ಕೆಲಸ ನೋಡಿಕೊಳ್ಳಲು ನಿಂತಿದ್ದ ಇಂಜಿನಿಯರ್ ಸಾಹೇಬರಿಗೆ ರೇಗಿತು. “ಏನ್ರೀ ಇದು? ಸಮುದ್ರ ಉತ್ತರ ಕೊಡುತ್ತಾ? ಇಳಿತ ಮುಗಿದು ಮತ್ತೆ ಸಮುದ್ರ ಏರೋದರೊಳಗೆ ಒಡೀರಿ.”

“ಕೆಳಗ್ಲೋರು ಬುಡು ಅನ್ನೋಗಂಟ ನಾ ಮುಟ್ಟಾಕಿಲ್ಲ ಸ್ವಾಮಿ.”

“ಕೆಲಸದಿಂದ ತೆಗೆಸ್ತೀನಿ.”

“ತೆಗಸಿ. ಅದ್ಕೂ ಮುಂಚೆ ಅತ್ಲಾಗೋಗಿ, ನೀವೇ ಒಂದ್ಸಲ ಬುಡು ಅಂದ್ಬುಡಿ.”

ಸಾಹೇಬರು ಹಲ್ಲು ಕಡಿಯುತ್ತ ದಿಬ್ಬ ಹತ್ತಿ ಆಚೆಗೆ ಇಳಿದರು. ಅಲ್ಲಿ ದಿಬ್ಬದ ಬುಡದಲ್ಲೇ ಮುದುಕಿಯೊಬ್ಬಳು ಬಗ್ಗಿ ಚಿಪ್ಪು ಆರಿಸುತ್ತಿದ್ದಳು. ಅಲೆಯ ಸದ್ದಿನಲ್ಲಿ ಮಾವನ ಕೂಗು ಅವಳಿಗೆ ಕೇಳಿಸಿರಲಿಲ್ಲ. ಸಾಹೇಬರೇ ಅವಳ ಬುಟ್ಟಿ ಹೊತ್ತು ಮೇಲಕ್ಕೆ ಕರೆತಂದರು. ಆಮೇಲೆ ಸಣ್ಣ ದನಿಯಲ್ಲಿ, “ಬಿಡಪ್ಪಾ” ಎಂದರು. ಮಾವ ಬಿಟ್ಟರು.

ಊರಿಗೆ ಬಂದು ಅವ್ವನಿಗೆ ಹೇಳಿದ್ದಿಷ್ಟು: “ಸಮುದ್ರಾನೂ ನಿನ್ನಂಗೇ ಕಣಕ್ಕ, ಜಪ್ಪಯ್ಯ ಅಂದ್ರೂ ಬುಡು ಅನ್ನಾಕಿಲ್ಲ.”

ಅವ್ವ ತೀರಿಕೊಂಡ ವರ್ಷ, ನಾಲೆಗೆ ನೀರು ಬಂದ ಮೊದಲ ದಿನ, ಮಾವ ಬದುವಿನ ಮೇಲೆ ನಿಂತು ಮೂರು ಸಲ ಕೂಗಿದರು. “ಇನ್ಯಾರವ್ರೆ ಅಲ್ಲಿ, ಬುಡಪ್ಪ ಅತ್ಲಾಗೆ” ಎಂದರು ಪಕ್ಕದ ಗದ್ದೆಯವರು. ಮಾವ ಕದಲಲಿಲ್ಲ. ಹೊತ್ತು ನೆತ್ತಿಗೆ ಬಂದರೂ ಗುದ್ದಲಿ ಎತ್ತಲಿಲ್ಲ. ನನಗೆ ನೋಡಲಾಗಲಿಲ್ಲ. ಕೆಳಗಿನ ಗದ್ದೆಗೆ ಇಳಿದು, ಅವ್ವ ಕಳೆ ಕೀಳುತ್ತಿದ್ದ ಜಾಗದಲ್ಲಿ ನಿಂತು ಕೂಗಿದೆ: “ಬುಡು ಮಾವ.”